ಬ್ರಿಟನ್ನಿನ ಕತ್ತಲ ಚಳಿಗಾಲ ಬಿಟ್ಟು ಬಿಸಲಿನ ದೇಶಕ್ಕ: ಎಲ್ಲಿಗೆ, ಹೆಂಗ, ಯಾವಾಗ?

ಟಿಳಕವಾಡಿ ಮಳಿ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಬೆಳಗಾವಿ, ಗೋಕಾಕ, ಬಾಗಲಕೋಟೆ ಕಡಿಂದ ನರ್ಸಿಂಗ್ ಮುಗಿಸಿ, ಇಲ್ಲಾ ಐಟಿ ಕೆಲಸ ಹಿಡದು ಮ್ಯಾಂಚೆಸ್ಟರ್, ಗ್ಲಾಸ್ಗೋ, ಡಬ್ಲಿನ್‌ಕ ಹೋದ ಮಂದಿ ಈಗ ಬಾಳ ಅದಾರ. ನವೆಂಬರ್ ಬಂತಂದ್ರ ಎಲ್ಲಾರ ಬಾಯಾಗೂ ಒಂದ ಮಾತು: ಈ ಜಿಟಿಜಿಟಿ ಮಳಿ, ಈ ಕತ್ತಲಿ ಸಾಕು, ಬಿಸಲು ಇರೋ ದೇಶಕ್ಕ ಹೋಗೂಣು. ಸ್ಪೇನ್, ಪೋರ್ಚುಗಲ್, ಆಸ್ಟ್ರೇಲಿಯಾ, ದುಬೈ ಅಂತ ಹೆಸರು ಬರ್ತಾವ. ಖರೇನ ಬಿಸಲು ಎಲ್ಲಿ ಐತಿ, ವೀಸಾ ಹಾದಿ ಯಾವುದು, ಬ್ರಿಟನ್ ಬಿಟ್ರ ಏನು ಕೈ ತಪ್ಪತೈತಿ, ಹೋಗೂ ತನಕಾ ಆ ಚಳಿಗಾಲ ಹೆಂಗ ಕಳೀಬೇಕು? ಲೆಕ್ಕ ಗೊತ್ತಿದ್ದವರು ಬಿಡಿಸಿ ಬರೀರಿ.

ಗುಮ್ಮಟನಗರಿ
ಮೊದಲ ಒಂದು ಮಾತು ಬಗೀಹರಸೂಣ್ರಿ. ಮಂದಿ ಮಳಿಗೆ ಬೈತಾರ. ಆದ್ರ ಜೀವಾ ಹಿಂಡೂದು ಮಳಿ ಅಲ್ಲ, ಬೆಳಕಿನ ಬರ.

ಲಂಡನ್ನಿನ ವರ್ಷದ ಮಳಿ ಸುಮಾರು 600 ಮಿಲಿಮೀಟರ್. ನಮ್ಮ ವಿಜಯಪುರದ್ದೂ ಹತ್ತಿರ ಹತ್ತಿರ ಅಷ್ಟ ಅದ. ಬೆಳಗಾವಿಗೆ 1,300ರ ಸುಮಾರು ಬೀಳ್ತದ. ಹಂಗಂದ್ರ ಮಳಿ ಲೆಕ್ಕದಾಗ ಲಂಡನ್ನು ಬೆಳಗಾವಿಗಿಂತ ಒಣ ಊರು. ಫರಕು ಇರೂದು ಅದು ಬೀಳೂ ರೀತಿಯೊಳಗ. ನಮ್ಮ ಕಡೆ ಜೂನ್‌ದಿಂದ ಸೆಪ್ಟೆಂಬರ್ ತನಕಾ ಸುರದು ಮುಗೀತದ, ಅಲ್ಲಿ 12 ತಿಂಗಳಿಗೂ ಹಂಚಿ ಹನಿ ಹನಿಯಾಗಿ ಬೀಳ್ತದ.

ಇನ್ನ ಬೆಳಕು. ಡಿಸೆಂಬರ್ 21ರ ಸುಮಾರಿಗೆ ಬೆಳಗಾವಿಯೊಳಗ ಹಗಲು 11 ತಾಸು 10 ನಿಮಿಷ ಇರ್ತದ. ಮ್ಯಾಂಚೆಸ್ಟರ್‌ದಾಗ 7 ತಾಸು 28 ನಿಮಿಷ, ಗ್ಲಾಸ್ಗೋದಾಗ 7 ತಾಸು. ಅದೂ ಎಂಥಾ ಹಗಲು? ನಡು ಮಧ್ಯಾಹ್ನದಾಗ ಸೂರ್ಯಾ ಬೆಳಗಾವಿಯೊಳಗ 50 ಡಿಗ್ರಿ ಮ್ಯಾಲೆ ಇರ್ತಾನ, ಮ್ಯಾಂಚೆಸ್ಟರ್‌ದಾಗ ಬರೇ 13 ಡಿಗ್ರಿ. ಎದುರು ಮನಿ ಮಾಳಗಿ ಸಾಕು ಅಂವನ್ನ ಮುಚ್ಚಾಕ. ಮುಂಜಾನೆ ಎಂಟಕ್ಕ ಕತ್ತಲದಾಗ ಡ್ಯೂಟಿಗೆ ಹೋಗಿ ಸಂಜಿ ಐದಕ್ಕ ಕತ್ತಲದಾಗ ಹೊರಬೀಳಾವರಿಗೆ ವಾರಗಟ್ಟಲೆ ಬಿಸಲು ಮೈಗೆ ಹತ್ತೂದಿಲ್ಲ.

ಅದಕ್ಕ ಯಾವ ಊರು ನೋಡಿದ್ರೂ ಮೂರು ಲೆಕ್ಕ ತಗೀರಿ: ಅಲ್ಲಿಯ ಚಳಿಗಾಲದಾಗ ಹಗಲು ಎಷ್ಟು ತಾಸು, ಆ ತಿಂಗಳಿನ್ಯಾಗ ಬಿಸಲು ಎಷ್ಟು ತಾಸು, ಮಳಿ ಯಾವ ತಿಂಗಳು. ವರ್ಷದ ಸರಾಸರಿ ನೋಡಿ ಊರು ಆರಿಸಿದ್ರ ಮೋಸ ಹೋಗ್ತೀರಿ.

ಟಿಳಕವಾಡಿ ಮಳಿ
ಅಣ್ಣಾರ, ಹಂಗಾದ್ರ ಲಿಸ್ಬನ್ ಹೆಂಗ? ಎಲ್ಲಾರೂ ಅದರ ಹೆಸರ ಹೇಳ್ತಾರ.

ಘಟಪ್ರಭಾ ದಂಡಿ
ಲಿಸ್ಬನ್ ಬಗ್ಗೆ ಒಂದು ಎಚ್ಚರಿಕಿ ಹೇಳಲೇಬೇಕು. ಮೆಡಿಟರೇನಿಯನ್ ಹವಾಮಾನ ಅಂದ್ರ ಬ್ಯಾಸಗಿ ಒಣ, ಮಳಿ ಬರೂದ ಚಳಿಗಾಲಕ್ಕ. ಲಿಸ್ಬನ್ನಿನ 700ಕ್ಕೂ ಹೆಚ್ಚು ಮಿಲಿಮೀಟರ್ ಮಳಿಯೊಳಗ ಹೆಚ್ಚಿನ ಪಾಲು ಅಕ್ಟೋಬರ್‌ದಿಂದ ಮಾರ್ಚ್ ತನಕಾನ ಬೀಳತೈತಿ. ಪೋರ್ಟೊ ಅಂತೂ 1,100 ದಾಟತೈತಿ, ಬೆಳಗಾವಿ ಲೆಕ್ಕಕ್ಕ ಹತ್ತಿರ ಬಂತು. ಹಸಿ ಚಳಿಗಾಲ ತಪ್ಪಸ್ಕೊಳ್ಳಾಕ ಪೋರ್ಟೊಕ್ಕ ಹೋದ್ರ ಉಪಯೋಗ ಇಲ್ಲ. ಲಿಸ್ಬನ್‌ದಾಗ ಮಳಿ ಸುರದ ಮರುದಿನ ಬಿಸಲು ಬರತೈತಿ, ಅದಷ್ಟ ಸಮಾಧಾನ.

ಯುರೋಪಿನ್ಯಾಗ ಚಳಿಗಾಲದ ಬಿಸಲೇ ಬೇಕಂದ್ರ ಸ್ಪೇನಿನ ಆಗ್ನೇಯ ದಂಡಿ ನೋಡ್ರಿ. ಅಲ್ಮೇರಿಯಾ ವರ್ಷಕ್ಕ 200 ಮಿಲಿಮೀಟರ್ ಆಸುಪಾಸು, ಅಲಿಕಾಂಟೆ 300. ಮಾಲಗಾದಾಗ ಮಳಿ ಸ್ವಲ್ಪ ಹೆಚ್ಚು, ಆದ್ರ ಡಿಸೆಂಬರ್‌ದಾಗೂ ಹಗಲು 9 ತಾಸು 38 ನಿಮಿಷ ಇರತೈತಿ. ಎಲ್ಲಾಕ್ಕಿಂತ ಭರವಸಿ ಕೆನರಿ ದ್ವೀಪಗಳು. 28 ಡಿಗ್ರಿ ಅಕ್ಷಾಂಶ, ಡಿಸೆಂಬರ್ ಹಗಲು 10 ತಾಸು 20 ನಿಮಿಷ, ಲಾಸ್ ಪಾಲ್ಮಾಸ್‌ದಾಗ ಮಳಿ ಬರೇ 150ರ ಸುಮಾರು. ಅದರಾಗೂ ದ್ವೀಪದ ದಕ್ಷಿಣ ಮಗ್ಗಲ ಹಿಡೀರಿ, ಉತ್ತರ ಮಗ್ಗಲಕ್ಕ ಮೋಡ ಕಟ್ಟಿ ನಿಲ್ಲತೈತಿ. ಸಹಾರಾದ ಧೂಳು ಗಾಳಿ ಆಗಾಗ ಬೀಸತೈತಿ, ಅದಕ್ಕ ಅಲ್ಲಿ ಕಲಿಮಾ ಅಂತಾರ. ದಮ್ಮು ಇದ್ದವರು ಇದನ್ನ ಮೊದಲ ವಿಚಾರ ಮಾಡ್ರಿ.

ಆಸ್ಟ್ರೇಲಿಯಾದಾಗೂ ಇದ ತಪ್ಪು ನಡೀತೈತಿ. ಪರ್ತ್, ಅಡಿಲೇಡ್ ಮಳಿ ಚಳಿಗಾಲದ್ದು, ಅಂದ್ರ ಜೂನ್‌ದಿಂದ ಆಗಸ್ಟ್. ಬ್ರಿಸ್ಬೇನ್ ಉಲ್ಟಾ: ಬ್ಯಾಸಗಿ ಹಸಿ, ಚಳಿಗಾಲ ಒಣ, ತಿಳಿ ಆಕಾಶ. ನಮ್ಮ ಕಡೆ ಹವಾಕ್ಕ ಹೊಂದೂದು ಅದ. ಮೆಲ್ಬರ್ನ್ ಚಳಿಗಾಲ ಮೋಡದ್ದು.

ಮಲಪ್ರಭಾ
ಘಟಪ್ರಭಾ ಅವರ ಮಾತಿಗೆ ಒಂದು ಸೇರಿಸ್ತೀನಿ. ಹೊರಗಿನ ಹವಾ ಅಷ್ಟ ನೋಡಬ್ಯಾಡ್ರಿ, ಮನಿ ಒಳಗಿನದ್ದೂ ನೋಡ್ರಿ. ಬ್ರಿಟನ್ನಿನ್ಯಾಗ ಗ್ಯಾಸ್ ಬಾಯ್ಲರ್, ಪ್ರತಿ ಖೋಲಿಗೆ ರೇಡಿಯೇಟರ್ ಇರೂದು ಸಾಮಾನ್ಯ. ಲಿಸ್ಬನ್, ಮಾಲಗಾದ ಹಳೇ ಮನಿಗಳಾಗ ಅದು ಇರೂದ ಇಲ್ಲ. ಕಲ್ಲಿನ ನೆಲ, ಒಂಟಿ ಗಾಜಿನ ಕಿಟಕಿ, ನಿರೋಧಕ ಪದರ ಇಲ್ಲದ ಗ್ವಾಡಿ. ಹೊರಗ 16 ಡಿಗ್ರಿ ಬಿಸಲು ಇದ್ರ ಒಳಗ 13 ಡಿಗ್ರಿ ಥಂಡಿ ಇರತೈತಿ. ಬಾಡಿಗಿ ಕರಾರು ಮಾಡೂ ಮೊದಲ ದಕ್ಷಿಣಕ್ಕ ಮುಖ ಮಾಡಿದ ಮನಿ ಹೌದೋ ಅಲ್ಲೋ, ಕಿಟಕಿಗೆ ಎರಡು ಪದರ ಗಾಜು ಐತೋ ಇಲ್ಲೋ, ತಂಪು-ಬಿಸಿ ಎರಡೂ ಕೊಡೂ ಏಸಿ ಐತೋ ಇಲ್ಲೋ ಕೇಳ್ರಿ. ಮನಿ ನೋಡಾಕ ಜನವರಿಯೊಳಗ ಹೋಗ್ರಿ. ಜೂನ್‌ದಾಗ ನೋಡಿದ ಮನಿ ಚಂದನ ಕಾಣತೈತಿ, ಕಪಾಟಿನ ಹಿಂದಿನ ಬೂಷ್ಟು ಆವಾಗ ಒಣಗಿರತೈತಿ.

ಬಾದಾಮಿ ಕೆಂಪುಕಲ್ಲು
ವೀಸಾ ವಿಷಯ ನಾನು ಬರೆಯುತ್ತೇನೆ. ಮನೆ ಕೊಂಡರೆ ವಾಸದ ಪರವಾನಿಗೆ ಸಿಗುತ್ತದೆ ಎಂಬ ಹಳೆಯ ಸುದ್ದಿ ಇನ್ನೂ ಓಡಾಡುತ್ತಿದೆ. ಪೋರ್ಚುಗಲ್ ಆ ದಾರಿಯನ್ನು 2023ರಲ್ಲಿ ಮುಚ್ಚಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ ಗೋಲ್ಡನ್ ವೀಸಾವನ್ನೇ ನಿಲ್ಲಿಸಿತು. ಯಾವ ಏಜೆಂಟ್ ಹೇಳಿದರೂ ನಂಬಬೇಡಿ.

ಸ್ಪೇನಿಗೆ ಈಗ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ದುಡಿಮೆ ಮಾಡದೆ ಇರುವ ವೀಸಾ. ಅದಕ್ಕೆ ಸ್ಪೇನಿನ ಇಪ್ರೆಮ್ ಎಂಬ ಸೂಚ್ಯಂಕದ 400 ಪ್ರತಿಶತ ಆದಾಯ ತೋರಿಸಬೇಕು. ಇಪ್ರೆಮ್ ತಿಂಗಳಿಗೆ 600 ಯೂರೊ ಇರುವುದರಿಂದ ಒಬ್ಬರಿಗೆ ವರ್ಷಕ್ಕೆ 28,800 ಯೂರೊ, ಜೊತೆಗೆ ಬರುವ ಪ್ರತಿಯೊಬ್ಬರಿಗೆ 7,200. ಬಾಡಿಗೆ, ಪಿಂಚಣಿ, ಬಡ್ಡಿಯಂಥ ಆದಾಯ ಇದ್ದವರಿಗೆ ಇದು ಸರಿ. ಮನೆಯಿಂದ ಲ್ಯಾಪ್‌ಟಾಪಿನಲ್ಲಿ ದುಡಿಯುವವರು ಇದರಲ್ಲಿ ಹಾಕಿದರೆ ತಿರಸ್ಕಾರ ಆಗುತ್ತದೆ. ಅವರಿಗೆ 2023ರಿಂದ ಬಂದ ಡಿಜಿಟಲ್ ನೋಮ್ಯಾಡ್ ವೀಸಾ ಇದೆ. ಕನಿಷ್ಠ ವೇತನದ ದುಪ್ಪಟ್ಟು ಆದಾಯ, ಪದವಿ ಅಥವಾ ಮೂರು ವರ್ಷದ ಅನುಭವ, ಈಗಿನ ಕಂಪನಿಯಲ್ಲಿ ಕನಿಷ್ಠ ಮೂರು ತಿಂಗಳ ಕೆಲಸ ಕೇಳುತ್ತಾರೆ. ಇಲ್ಲಿ ಸಿಕ್ಕಿಕೊಳ್ಳುವುದು ಸಾಮಾಜಿಕ ಭದ್ರತೆಯ ಪತ್ರದಲ್ಲಿ, ಅಂದರೆ ನಿಮ್ಮ ವಂತಿಗೆ ಈಗಿನ ದೇಶದಲ್ಲೇ ಮುಂದುವರಿಯುತ್ತದೆ ಎನ್ನುವ ಪತ್ರದಲ್ಲಿ. ಕಂಪನಿ ಅದನ್ನು ತರಿಸಿಕೊಡಲು ಒಪ್ಪದಿದ್ದರೆ ಉಳಿದ ಎಲ್ಲ ಕಾಗದ ಸರಿಯಿದ್ದರೂ ಅರ್ಜಿ ಮುಂದೆ ಹೋಗುವುದು ಕಷ್ಟ. ಆದ್ದರಿಂದ ಮೊದಲು ಕಂಪನಿಯ ಎಚ್‌ಆರ್‌ಗೆ ಬರೆದು ಉತ್ತರ ತರಿಸಿಕೊಳ್ಳಿ, ಆಮೇಲೆ ಉಳಿದ ಖರ್ಚು.

ಪೋರ್ಚುಗಲ್ಲಿನಲ್ಲಿ ಬಾಡಿಗೆ, ಪಿಂಚಣಿಯಂಥ ಆದಾಯದವರ ವೀಸಾಗೆ ಡಿ7 ಎಂದು ಹೆಸರು, ಅದಕ್ಕೆ ಬೇಕಾದ ಆದಾಯ ಕಡಿಮೆ. ಅಲ್ಲಿಯ ಕನಿಷ್ಠ ವೇತನದಷ್ಟು ಸಾಕು, 2025ರಲ್ಲಿ ಅದು ತಿಂಗಳಿಗೆ 870 ಯೂರೊ. ಗಂಡ ಅಥವಾ ಹೆಂಡತಿಗೆ ಅದರ ಅರ್ಧ, ಮಗುವಿಗೆ 30 ಪ್ರತಿಶತ. ದೂರದಿಂದ ದುಡಿಯುವವರ ಡಿ8ಗೆ ನಾಲ್ಕು ಪಟ್ಟು, ಅಂದರೆ 3,480. ಈ ಅಂಕಿ ಪ್ರತಿ ಜನವರಿಗೆ ಏರುತ್ತದೆ, ಅರ್ಜಿ ಹಾಕುವ ವರ್ಷದ್ದನ್ನು ನೋಡಿಕೊಳ್ಳಿ.

ಎರಡೂ ದೇಶಗಳಲ್ಲಿ ವರ್ಷಕ್ಕೆ 183 ದಿನ ದಾಟಿದರೆ ನೀವು ಅಲ್ಲಿಯ ತೆರಿಗೆದಾರರು. ಬೆಳಗಾವಿಯಲ್ಲಿ ಮನೆ ಬಾಡಿಗೆ ಬರುತ್ತಿದ್ದರೆ ಅದನ್ನೂ ಅಲ್ಲಿ ತೋರಿಸಬೇಕು. ಸ್ಪೇನಿನಲ್ಲಂತೂ ಹೊರದೇಶದ ಬ್ಯಾಂಕ್ ಖಾತೆ, ಶೇರು, ಆಸ್ತಿ, ಈ ಮೂರರಲ್ಲಿ ಯಾವುದೇ ಒಂದು ವರ್ಗ 50,000 ಯೂರೊ ದಾಟಿದರೆ ಮಾರ್ಚ್ 31ರೊಳಗೆ ಮಾಡೆಲೊ 720 ಎಂಬ ಫಾರ್ಮ್ ತುಂಬಬೇಕು. ಅಪ್ಪನ ಹೆಸರಿನಿಂದ ಪಾಲಾಗಿ ಬಂದ ಹೊಲವೂ ಆಸ್ತಿಯೇ.

ಶಹಾಪುರ ಪೇಟೆ
ಸರ್, ಇಲ್ಲಿಂದ ತಗಸಬೇಕಾದ ಕಾಗದ ಯಾವವು? ಊರಿಗೆ ಬಂದಾಗ ಒಮ್ಮೆಲೇ ಮುಗಸಬೇಕಂದ್ರ?

ಬಾದಾಮಿ ಕೆಂಪುಕಲ್ಲು
ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪ್ರಮಾಣಪತ್ರ, ಪದವಿ ಪತ್ರ, ಪೊಲೀಸ್ ಪರಿಶೀಲನಾ ಪತ್ರ. ಸ್ಪೇನ್, ಪೋರ್ಚುಗಲ್ ಎರಡೂ ಪರಸ್ಪರ ಕಾಗದ ಒಪ್ಪುವ ಹೇಗ್ ಒಪ್ಪಂದದ ದೇಶಗಳು, ಭಾರತವೂ 2005ರಿಂದ ಅದರಲ್ಲಿದೆ. ಹಾಗಾಗಿ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಕಾಗದ ಅಸಲಿ ಎನ್ನುವ ಮುದ್ರೆ) ಸಾಕು. ಆದರೆ ಅದಕ್ಕೂ ಮೊದಲು ರಾಜ್ಯ ಸರಕಾರದ ದೃಢೀಕರಣ ಆಗಬೇಕು. ಬ್ರಿಟನ್ನಿನಲ್ಲಿ ಹುಟ್ಟಿದ ಮಗುವಿನ ಪತ್ರಕ್ಕೆ ಬ್ರಿಟನ್ನಿನದೇ ಅಪೊಸ್ಟಿಲ್ ಬೇಕು, ಇಲ್ಲಿ ಮಾಡಿಸಲು ಬರುವುದಿಲ್ಲ.

ಕೆಲಸ ನಿಲ್ಲುವುದು ಹೆಸರಿನಲ್ಲಿ. ನಮ್ಮ ಭಾಗದಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದೆ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಹಿಂದೆ. ಒಂದರಲ್ಲಿ ತಂದೆಯ ಹೆಸರು ನಡುವೆ ಬಂದಿರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಹಳೆಯ ಜನನ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ, ತಂದೆ ತಾಯಿಯ ಹೆಸರು ಮಾತ್ರ. ಹೆಸರು ಸೇರಿಸಲು ಪಾಲಿಕೆ ಅಥವಾ ಗ್ರಾಮದ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೊಸ ಪ್ರತಿ ತೆಗೆಸಬೇಕು. ಅದು ಮುಗಿಯದೆ ಅಪೊಸ್ಟಿಲ್‌ಗೆ ಕಳಿಸಿದರೆ ಎರಡು ಸಲ ಖರ್ಚು. ಮೊದಲು ಎಲ್ಲ ಕಾಗದಗಳನ್ನು ಪಾಸ್‌ಪೋರ್ಟಿನ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ.

ಪೊಲೀಸ್ ಪತ್ರವನ್ನು ಕಡೆಗೆ ತೆಗೆಸಿ. ಅದಕ್ಕೆ ಆಯುಷ್ಯ ಕಡಿಮೆ, ಬೇಗ ತೆಗೆಸಿದರೆ ಅರ್ಜಿಯ ಹೊತ್ತಿಗೆ ಹಳತಾಗುತ್ತದೆ. ದುಡಿಮೆ ಮಾಡದೆ ಇರುವ ವೀಸಾಗೆ ಸ್ಪೇನ್ ಕಳೆದ ಐದು ವರ್ಷ ಇದ್ದ ಎಲ್ಲ ದೇಶಗಳದ್ದೂ ಕೇಳುತ್ತದೆ. ಬ್ರಿಟನ್ನಿನದು ಆಕ್ರೊ ಕಚೇರಿಯಿಂದ ಬರುತ್ತದೆ.

ಇಳಕಲ್ ಸೆರಗು
ನರ್ಸಿಂಗ್ ಮಂದಿಗೆ ನಾ ಹೇಳೂದು, ಸ್ಪೇನ್, ಪೋರ್ಚುಗಲ್ ವಿಚಾರ ಬಿಡ್ರಿ. ಅಲ್ಲಿಯ ಭಾಷಾ ಬರದ ವಾರ್ಡಿನ್ಯಾಗ ನಿಲ್ಲಾಕ ಆಗೂದಿಲ್ಲ, ಪದವಿ ಮಾನ್ಯತಾಕ್ಕೂ ಬಾಳ ದಿನಾ ಹಿಡೀತೈತಿ. ನಿಮಗ ತಕ್ಕ ದೇಶ ಆಸ್ಟ್ರೇಲಿಯಾ.

2025ರಿಂದ ಅಲ್ಲಿಯ ನೋಂದಣಿ ಹಾದಿ ಸರಳ ಆಗೇತಿ. ಬ್ರಿಟನ್, ಐರ್ಲೆಂಡಿನಂಥಾ ದೇಶದಾಗ ನೋಂದಣಿ ಆಗಿ, 2017ರಿಂದ ಈಚೆಗೆ 1,800 ತಾಸು ಕೆಲಸ ಮಾಡಿದ್ರ ಮತ್ತ ಪರೀಕ್ಷಾ ಬರಿಯೂ ಗರಜಿಲ್ಲ. ವಾರಕ್ಕ 37.5 ತಾಸಿನ ಕೆಲಸ ಅಂತ ಹಿಡದ್ರ 48 ವಾರದಾಗ ಮುಟ್ಟತೈತಿ. ಬೆಳಗಾವಿಯಿಂದ ಸೀದಾ ಹೋಗಾವರಿಗೆ ಮಾತ್ರ ಎನ್‌ಕ್ಲೆಕ್ಸ್ ಅನ್ನೂ ಕಂಪ್ಯೂಟರ್ ಪರೀಕ್ಷಾ, ಆಮ್ಯಾಲೆ ಅಡಿಲೇಡ್‌ದಾಗ ಕೆಲಸ ಮಾಡಿ ತೋರಸೂ ಓಸ್ಕಿ ಪರೀಕ್ಷಾ ಅದಾವ. ಕೆಲಸ ಮಾಡಿದ ತಾಸಿನ ದಾಖಲೆ ಆಸ್ಪತ್ರೆಯ ಎಚ್‌ಆರ್‌ದಿಂದ ಅಧಿಕೃತ ಪತ್ರದ ಮ್ಯಾಲೆ ತಗೋರಿ. ಕೆಲಸ ಬಿಟ್ಟ ಮ್ಯಾಲೆ ಕೇಳಿದ್ರ ತಿಂಗಳಗಟ್ಟಲೆ ಕಾಯಬೇಕಾಗತೈತಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಾಗ ಓದಿದವರು ಟ್ರಾನ್ಸ್‌ಕ್ರಿಪ್ಟ್‌ಗೂ (ಓದಿದ ವಿಷಯ, ಅಂಕದ ಅಧಿಕೃತ ಪಟ್ಟಿ) ಈಗ ಅರ್ಜಿ ಹಾಕಿ ಇಡ್ರಿ.

ವಯಸ್ಸು, ಭಾಷಾ ನೋಡಿ ಅಂಕ ಕೊಡೂ ಪಾಯಿಂಟಿನ ವೀಸಾಕ್ಕ ವಯಸ್ಸು 45 ತುಂಬಿರಬಾರದು, ಕನಿಷ್ಠ 65 ಪಾಯಿಂಟ್. 25ರಿಂದ 32ರ ವಯಸ್ಸಿಗೆ 30, 33ರಿಂದ 39ಕ್ಕ 25, 40 ತುಂಬಿದ್ರ 15ಕ್ಕ ಇಳೀತೈತಿ. 33ನೇ ಹುಟ್ಟುಹಬ್ಬದ ಮೊದಲ ಆಹ್ವಾನ ಬಂದ್ರ ಐದು ಪಾಯಿಂಟ್ ಉಳೀತೈತಿ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷಾದಾಗ ನಾಲ್ಕೂ ವಿಭಾಗಕ್ಕ 8 ಬಂದ್ರ 20 ಪಾಯಿಂಟ್. 190 ವೀಸಾಕ್ಕ ರಾಜ್ಯದ ನಾಮನಿರ್ದೇಶನ 5 ಕೊಡತೈತಿ, 491ಕ್ಕ 15. ಆದ್ರ 491 ಅಂದ್ರ ದೊಡ್ಡ ಊರು ಬಿಟ್ಟು ಹೊರಗ ಇರಬೇಕು. ಬ್ರಿಸ್ಬೇನ್ ನಗರ ಅದರಾಗ ಬರೂದಿಲ್ಲ, ಹತ್ತಿರದ ಗೋಲ್ಡ್ ಕೋಸ್ಟ್, ಸನ್‌ಶೈನ್ ಕೋಸ್ಟ್ ಬರ್ತಾವ. ಬಿಸಲಿನ ಲೆಕ್ಕದಾಗ ಅವು ಕಡಿಮಿ ಅಲ್ಲ.

ಘಟಪ್ರಭಾ ದಂಡಿ
ಬ್ರಿಟನ್ ಬಿಡೂ ಹೊತ್ತು ಬಾಳ ಮುಖ್ಯ. ಐಎಲ್‌ಆರ್ (ಅಲ್ಲಿ ಕಾಯಂ ಇರೂ ಪರವಾನಿಗಿ) ಸಿಗೂ ಮೊದಲ ಬಿಟ್ರ ಅಷ್ಟು ವರ್ಷದ ಲೆಕ್ಕ ಅಳಿಸಿ ಹೋಗತೈತಿ. ಅಲ್ಲೇ ಇದ್ದಾಗೂ ಯಾವುದ 12 ತಿಂಗಳಿನ್ಯಾಗ 180 ದಿನಕ್ಕಿಂತ ಹೆಚ್ಚು ಹೊರಗ ಇರಬಾರದು. ಐಎಲ್‌ಆರ್ ತಗೊಂಡು ಬಿಟ್ರೂ ಸತತ ಎರಡು ವರ್ಷ ಹೊರಗ ಉಳದ್ರ ಅದು ರದ್ದು. ಐಎಲ್‌ಆರ್‌ಗೆ ಕಾಯೂ 5 ವರ್ಷದ ಅವಧಿ ಹೆಚ್ಚಿಸೂ ಪ್ರಸ್ತಾಪ 2025ರಾಗ ಬಂದೈತಿ, ಅದಕ್ಕ ಅರ್ಜಿ ಹಾಕೂ ದಿನಾ ಸರಕಾರದ ಜಾಲತಾಣ ನೋಡೇ ಮುಂದ ಹೋಗ್ರಿ. ಬ್ರಿಟನ್ನಿನ ಪಾಸ್‌ಪೋರ್ಟ್ ತಗೊಂಡ್ರ ವಾಪಸ್ ಬರೂ ಬಾಗಲಾ ಯಾವಾಗೂ ತೆರದಿರತೈತಿ, ಆದ್ರ ಭಾರತದ ನಾಗರಿಕತ್ವ ಬಿಡಬೇಕು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಸಬೇಕು.

ಪಿಂಚಣಿ ಮಾತು ಯಾರೂ ಎತ್ತೂದಿಲ್ಲ. ಬ್ರಿಟನ್ನಿನ ಸರಕಾರಿ ಪಿಂಚಣಿಗೆ ಕನಿಷ್ಠ 10 ವರ್ಷದ ವಂತಿಗಿ ಬೇಕು, ಪೂರ್ತಿ ಸಿಗಾಕ 35. ಸ್ಪೇನ್, ಪೋರ್ಚುಗಲ್‌ದಾಗ ಇದ್ರ ಅದು ವರ್ಷಾ ಏರತೈತಿ. ಆಸ್ಟ್ರೇಲಿಯಾ, ಭಾರತದಾಗ ಇದ್ರ ಮೊದಲ ದಿನಾ ಎಷ್ಟೋ ಕಡೀತನಕಾ ಅಷ್ಟ. 8 ವರ್ಷ ತುಂಬಿದವರು ಇನ್ನೆರಡು ವರ್ಷ ತುಂಬಸೂ ಹಾದಿ ನೋಡಿಕೊಂಡ ಏಳ್ರಿ.

ಗುಮ್ಮಟನಗರಿ
ದುಬೈ ಬಗ್ಗೆ ಎರಡ ಮಾತು. ಡಿಸೆಂಬರ್ ಹಗಲು 10 ತಾಸು 34 ನಿಮಿಷ, ಮಳಿ ವರ್ಷಕ್ಕ 100 ಮಿಲಿಮೀಟರೂ ಕಷ್ಟ, ಸಂಬಳದ ಮ್ಯಾಲೆ ತೆರಿಗಿ ಇಲ್ಲ, ಊರು ಹತ್ತಿರ. ಆದ್ರ ಜೂನ್‌ದಿಂದ ಸೆಪ್ಟೆಂಬರ್ 40 ಡಿಗ್ರಿ ಮ್ಯಾಲೆ, ಕೂಡ ಸಮುದ್ರದ ಆರ್ದ್ರತಾ. ನಾಲ್ಕು ತಿಂಗಳು ಏಸಿ ಒಳಗ. ಬಿಸಲಿನ ದೇಶದಾಗ ಕೂತು ವಿಟಮಿನ್ ಡಿ ಕೊರತಿ ಆಗೂದು ಅಲ್ಲಿ ಸಾಮಾನ್ಯ. ಯುಎಇ ಅಪೊಸ್ಟಿಲ್ ಒಪ್ಪೂದಿಲ್ಲ: ರಾಜ್ಯ, ವಿದೇಶಾಂಗ ಸಚಿವಾಲಯ, ಅವರ ರಾಯಭಾರ ಕಚೇರಿ, ಕಡೀಕ ಅಲ್ಲಿಯ ವಿದೇಶಾಂಗ ಇಲಾಖೆ, ಹಿಂಗ ನಾಲ್ಕು ಮೆಟ್ಟಲು. ಹೆಚ್ಚಿನವರ ವಾಸ ನೌಕರಿಗೆ ಕಟ್ಟಿದ್ದು, ನೆಲೆ ನಿಲ್ಲೂ ವಿಚಾರ ಇದ್ದವರು ಇದನ್ನ ತೂಗಿ ನೋಡ್ರಿ.

ಖಾನಾಪುರ ಕಾಡಂಚು
ಹೋಗೂ ಮಾತು ಎರಡು ಮೂರು ವರ್ಷದ್ದು. ನಡುವಿನ ಚಳಿಗಾಲಕ್ಕೂ ಉಪಾಯ ಬೇಕಲ್ರಿ.

ಕತ್ತಲ ತಿಂಗಳಿನ್ಯಾಗ ಬರೂ ಮಂಕು, ಅತಿ ನಿದ್ದಿ, ಸಿಹಿ ತಿನ್ನೂ ಚಪಲ ಮನಸಿನ ಆಲಸ್ಯ ಅಲ್ಲ. 1984ರಾಗ ವೈದ್ಯರು ಇದನ್ನ ಗುರುತಿಸಿ ಬೆಳಕಿನ ಚಿಕಿತ್ಸಾ ಸುರು ಮಾಡಿದ್ರು. 10,000 ಲಕ್ಸ್‌ನ (ಲಕ್ಸ್ ಅಂದ್ರ ಬೆಳಕಿನ ಅಳತಿ) ದೀಪದ ಪೆಟ್ಟಿಗಿ, ಮುಂಜಾನೆ ಎದ್ದ ಕೂಡಲೇ 30 ನಿಮಿಷ. ಮನಿ ದೀಪದ ಬೆಳಕು 100ರಿಂದ 500 ಲಕ್ಸ್ ಅಷ್ಟ. ತಗೊಳ್ಳೂ ಮುಂದ ಎಷ್ಟು ದೂರಕ್ಕ 10,000 ಅಂತ ಬರದಾರ ನೋಡ್ರಿ. ಪುಸ್ತಕದಷ್ಟು ಸಣ್ಣವು 15 ಸೆಂಟಿಮೀಟರಿಗೆ ಮಾತ್ರ ಅಷ್ಟು ಕೊಡ್ತಾವ, ಮಾರಿಗೆ ಹಚ್ಚಿಕೊಂಡು ಯಾರೂ ಕೂಡ್ರೂದಿಲ್ಲ. 40ರಿಂದ 60 ಸೆಂಟಿಮೀಟರಿಗೆ ಕೊಡೂ ದೊಡ್ಡದ ತಗೋರಿ. ಯುವಿ ಸೋಸಿದ್ದಿರಲಿ. ದೀಪ ದಿಟ್ಟಿಸಿ ನೋಡಬ್ಯಾಡ್ರಿ, ಓರೆಯಾಗಿ ಇಟ್ಟು ನಾಷ್ಟಾ ಮಾಡ್ರಿ. ಸಂಜಿ ಮುಂದ ಹಚ್ಚಿದ್ರ ನಿದ್ದಿ ಕೆಡತೈತಿ. ಕಣ್ಣಿನ ಅಕ್ಷಿಪಟಲದ (ರೆಟಿನಾ) ರೋಗ ಇದ್ದವರು, ಬೈಪೋಲಾರ್ ಅನ್ನೂ ಮನೋರೋಗ ಇದ್ದವರು ವೈದ್ಯರನ್ನ ಕೇಳದ ಹಚ್ಚಬ್ಯಾಡ್ರಿ.

ವಿಟಮಿನ್ ಡಿ ದಿನಕ್ಕ 10 ಮೈಕ್ರೊಗ್ರಾಂ, ಅಂದ್ರ 400 ಐಯು, ಅಕ್ಟೋಬರ್‌ದಿಂದ ಮಾರ್ಚ್ ಸುರು ತನಕಾ. ನಮ್ಮಂಥಾ ಕಂದು ಬಣ್ಣದ ಚರ್ಮದವರು ವರ್ಷಪೂರ್ತಿ ತಗೊಳ್ಳೂ ವಿಚಾರ ಮಾಡ್ರಿ ಅಂತ ಅಲ್ಲಿಯ ಆರೋಗ್ಯ ಸೇವಾನ ಹೇಳತೈತಿ. ದಯವಿಟ್ಟು ಲಕ್ಷ್ಯ ಇಡ್ರಿ: ಇಲ್ಲಿ ಔಷಧ ಅಂಗಡಿಯೊಳಗ ಸಿಗೂ ಸ್ಯಾಶೆ 60,000 ಐಯು. ಅದು ವೈದ್ಯರು ವಾರಕ್ಕೊಂದು ಅಂತ ಬರಕೊಡೂದು. ದಿನಾ ಒಂದು ನುಂಗಿದ್ರ ರಕ್ತದಾಗ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕ ಪೆಟ್ಟು ಬೀಳತೈತಿ. ವೈದ್ಯರು ಹೇಳದ ದಿನಕ್ಕ 4,000 ಐಯು ದಾಟಬಾರದು.

ಗುಮ್ಮಟನಗರಿ
ರಜಾ ಲೆಕ್ಕನೂ ಬದಲಿ ಮಾಡ್ರಿ. ಆಗಸ್ಟ್‌ದಾಗ ಊರಿಗೆ ಬಂದ್ರ ಅಲ್ಲಿಯ ಬಿಸಲೂ ಹೋತು, ಇಲ್ಲಿ ಬೆಳಗಾವಿಯ ಮಳಿ. ಜನವರಿ ಮೊದಲ ವಾರ ದಾಟಿದ ಮ್ಯಾಲೆ ವಿಮಾನದ ದರ ಇಳೀತದ, ಆವಾಗ ಮೂರು ವಾರ ಬರ್ರಿ. ವಿಜಯಪುರ, ಬಾಗಲಕೋಟೆ ಕಡೆ ತಿಳಿ ಆಕಾಶ, ಹಗಲು 30 ಡಿಗ್ರಿ, ಹೊಲದಾಗ ಸೀತನಿ. ಮಕ್ಕಳ ಸಾಲಿ ಇದ್ದವರಿಗೆ ಮಾತ್ರ ಇದು ಕಷ್ಟ.

ಮಲಪ್ರಭಾ
ಮನಿ ಹಸಿ ಬಗ್ಗೆ. ಒಂದು ಸಲ ಒಗೆದ ಅರಬಿ ಖೋಲಿಯೊಳಗ ಒಣಗಿಸಿದ್ರ ಸುಮಾರು 2 ಲೀಟರ್ ನೀರು ಗಾಳಿಗೆ ಸೇರತೈತಿ. ಅದ ನೀರು ರಾತ್ರಿ ತಣ್ಣಗಿನ ಹೊರಗ್ವಾಡಿಗೆ ಕೂತು ಬೂಷ್ಟು ಹಿಡೀತೈತಿ. ಆರ್ದ್ರತಾ ಮಾಪಕ ತಂದಿಡ್ರಿ, 40ರಿಂದ 60 ಪ್ರತಿಶತ ಇರಬೇಕು. ಕಪಾಟು ಗ್ವಾಡಿಯಿಂದ ನಾಲ್ಕು ಬೆರಳು ಈಚೆಗೆ ಎಳೀರಿ. ಅನ್ನಕ್ಕ ಇಡೂ ಮುಂದ ಎಕ್ಸಾಸ್ಟ್ ಹಚ್ಚಿ, ಜಳಕ ಆದಮ್ಯಾಲೆ 15 ನಿಮಿಷ ಓಡಸ್ರಿ. ಕಿಟಕಿ ಮ್ಯಾಲಿನ ಸಣ್ಣ ಗಾಳಿಕಿಂಡಿಗೆ ಥಂಡಿ ಬರತೈತಿ ಅಂತ ಟೇಪ್ ಹಚ್ಚೂದು ಎಲ್ಲಾಕ್ಕಿಂತ ದೊಡ್ಡ ತಪ್ಪು. ಸಣ್ಣ ಖೋಲಿಯೊಳಗ ಅರಬಿ ಹಾಕಿ, ಬಾಗಲಾ ಮುಚ್ಚಿ, ಡಿಹ್ಯುಮಿಡಿಫೈಯರ್ (ಗಾಳಿಯ ಹಸಿ ಹೀರೂ ಯಂತ್ರ) ಹಚ್ಚಿದ್ರ ಒಂದ ರಾತ್ರಿಗೆ ಒಣಗತಾವ.

ಟಿಳಕವಾಡಿ ಮಳಿ
ಅಕ್ಕಾರ, ಅದ ಯಂತ್ರ ಬೆಳಗಾವಿಯ ಜುಲೈಗೂ ನಡೀತೈತೇನ್ರಿ? ಬರೂ ಮುಂದ ಒಂದು ತರಸೂಣಂತ.

ಮಲಪ್ರಭಾ
ನಡೀತೈತಿ, ಆದ್ರ ಜಾತಿ ನೋಡ್ರಿ. ಫ್ರಿಜ್ಜಿನಂಗ ಕಂಪ್ರೆಸರ್‌ದ್ದು ಒಂದು, ಹಸಿ ಹೀರೂ ವಸ್ತು ಇರೂ ಡೆಸಿಕೆಂಟ್‌ದ್ದು ಒಂದು. ಡೆಸಿಕೆಂಟ್ 15 ಡಿಗ್ರಿಗಿಂತ ತಣ್ಣಗಿನ ಮನಿಗೆ ಚೊಲೊ, ಖೋಲಿ ಸ್ವಲ್ಪ ಬೆಚ್ಚಗೂ ಮಾಡತೈತಿ, ಅದಕ್ಕ ಅಲ್ಲಿ ಹೊಂದತೈತಿ. ಬೆಳಗಾವಿ ಜುಲೈದಾಗ 22ರಿಂದ 25 ಡಿಗ್ರಿ ಇರೂದರಿಂದ ಕಂಪ್ರೆಸರ್‌ದ್ದ ಬೇಕು, ಕರೆಂಟೂ ಕಡಿಮಿ ತಿನ್ನತೈತಿ. ಡಬ್ಬಿ ಮ್ಯಾಲೆ ದಿನಕ್ಕ 12 ಲೀಟರ್ ಅಂತ ಬರದಿದ್ರ ಅದು ಸಾಮಾನ್ಯವಾಗಿ 30 ಡಿಗ್ರಿ, 80 ಪ್ರತಿಶತ ಆರ್ದ್ರತಾಕ್ಕ ಹೇಳಿದ ಲೆಕ್ಕ. ಮ್ಯಾಂಚೆಸ್ಟರಿನ 15 ಡಿಗ್ರಿಯೊಳಗ ಅರ್ಧಾನೂ ತಗಿಯೂದಿಲ್ಲ, ಬೆಳಗಾವಿಯೊಳಗ ಹೆಚ್ಚು ತಗೀತೈತಿ. ಅಲ್ಲಿಂದ ಹೊತ್ತು ತರೂದು ಬ್ಯಾಡ, ತೂಕ 10 ಕಿಲೊ ಮ್ಯಾಲೆ, ವಾರಂಟಿನೂ ಇಲ್ಲಿ ನಡಿಯೂದಿಲ್ಲ. ಇಲ್ಲೇ ತಗೋರಿ, ಅಟ್ಟದ ಖೋಲಿ ಬಿಟ್ಟು ಮಲಗೂ ಖೋಲಿಗೆ ಮೊದಲ ಹಚ್ಚಿ ನೋಡ್ರಿ.